ಊಪಿರಿ ಕ್ಲಾಸು

೨೨ ಜನವರಿ ೧೯೮೦, ಮಂಗಳವಾರ

ಒಣಗಿದ ಬಟ್ಟೆ ತರಲು ಮಹಡಿ ಹತ್ತಿದೆ, ಅಷ್ಟೆ. ಮೇಲಿನ ಮೆಟ್ಟಿಲಿಗೆ ಬರುವಷ್ಟರಲ್ಲಿ ಉಸಿರು ಸಿಗದೆ ಗೋಡೆ ಹಿಡಿದು ನಿಂತೆ. ಎದುರು ಮನೆಯ ಶಾಮಲಮ್ಮ ನೋಡಿಬಿಟ್ಟರು. ಅವರು ನೋಡಿದ ಮೇಲೆ ಕೋಟೆ ಬೀದಿಯಲ್ಲಿ ನಾನಾಗಿ ಯಾರಿಗೂ ಹೇಳಬೇಕಾದ್ದಿಲ್ಲ.

ಸಂಜೆ ಅತ್ತೆ ನನ್ನನ್ನು ಲೇಡಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ರಕ್ತ ಚೆನ್ನಾಗಿದೆ ಅಂದರು. ಮಗು ಬೆಳೆದು ಮೇಲಕ್ಕೆ ಒತ್ತುತ್ತಿದೆಯಂತೆ, ಉಸಿರಿಗೆ ಜಾಗ ಕಡಿಮೆಯಾಗಿದೆಯಂತೆ. “ಎದೆನೋವು ಬಂದ್ರೆ, ತುಟಿ ನೀಲಿಯಾದ್ರೆ, ಮಗು ಆಡೋದು ಕಮ್ಮಿಯಾದ್ರೆ ತಕ್ಷಣ ಬಾ. ಇಲ್ದಿದ್ರೆ ಭಯ ಬೇಡ. ಬುಧವಾರ ಉಸಿರಾಟದ ಕ್ಲಾಸಿದೆ, ಅಲ್ಲಿಗೆ ಹೋಗು.”

ಎರಡು ವರ್ಷದ ಹಿಂದೆ ಮಾಲೂರಿನ ತವರಿನಲ್ಲಿಯೂ ಎಲ್ಲರೂ ‘ಭಯ ಬೇಡ’ ಎಂದೇ ಅಂದಿದ್ದರು. ಆ ಮಗು ಹುಟ್ಟಿತು, ಉಳಿಯಲಿಲ್ಲ. ಆ ಎರಡು ಪದಗಳಿಗೆ ನಾನು ಬೆಲೆ ಕೊಡುವುದನ್ನು ಬಿಟ್ಟಿದ್ದೇನೆ.

ಮೊದಲನೆಯದು ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ ಎನ್ನುವ ಪದ್ಧತಿಯಂತೆ ಈ ಸಲ ಇಲ್ಲಿಯೇ. ಅತ್ತೆ ಬೈರಮ್ಮನವರು ಶ್ರೀನಿವಾಸಪುರದ ಆಚೆಯ ತಮ್ಮ ಹಳ್ಳಿಯಿಂದ ರಾಗಿ ಹಿಟ್ಟು, ಒಣಮೆಣಸಿನಕಾಯಿ, ತಮ್ಮ ಅಭಿಪ್ರಾಯಗಳು ಎಲ್ಲವನ್ನೂ ಹೊತ್ತು ಬಂದಿದ್ದಾರೆ. ದಾರಿಯುದ್ದಕ್ಕೂ ಅಂದರು: “ಗಂಡು ಕೂಸು ಕಣಮ್ಮ. ಅದಕ್ಕೇ ಎದೆಗೆ ಹತ್ತುತ್ತೆ, ಊಪಿರಿ ಆಡಕ್ಕೆ ಬಿಡಲ್ಲ.” ಅವರಿಗೆ ಉಸಿರು ಎಂದರೆ ಊಪಿರಿ. ಅವರ ಕನ್ನಡದಲ್ಲಿ ಅರ್ಧ ತೆಲುಗು.

“ಹೆಣ್ಣಾದ್ರೆ ಎಲ್ಲಿ ಕೂರುತ್ತೆ?” ಎಂದೆ.

“ಹೇಳಿದ ಕಡೆ ಕೂರುತ್ತೆ.”

೨೩ ಜನವರಿ, ಬುಧವಾರ

ತರಗತಿ ನಡೆಯುವುದು ಹೆರಿಗೆ ಆಸ್ಪತ್ರೆಯ ಹಿಂಬದಿಯ ವರಾಂಡದಲ್ಲಿ. ಕಲಿಸುವವರು ಅನಸೂಯಮ್ಮ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿ ನಿವೃತ್ತರಾದವರು. ಬೆಂಗಳೂರಿನಲ್ಲಿ ಏನೋ ತರಬೇತಿ ಪಡೆದು ಬಂದಿದ್ದಾರೆ. ಕೊರಳಲ್ಲಿ ಈಗಲೂ ಸೀಟಿ. ಗರ್ಭಿಣಿಯರನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸಿದರು. ಕಾರಣ ಯಾರಿಗೂ ತಿಳಿಯಲಿಲ್ಲ, ಅವರಿಗೂ ತಿಳಿದಿರಲಿಕ್ಕಿಲ್ಲ.

ಆಮೇಲೆ ಚಾಪೆಯ ಮೇಲೆ ಕೂರಿಸಿದರು. ಬೆನ್ನು ನೇರ, ಹೆಗಲು ಸಡಿಲ, ಎರಡೂ ಕೈ ಪಕ್ಕೆಲುಬಿನ ಮೇಲೆ. ಮೂಗಿನಿಂದ ನಿಧಾನವಾಗಿ ಉಸಿರು ಎಳೆಯಬೇಕು, ಪಕ್ಕೆ ಎರಡೂ ಕಡೆ ಅಗಲವಾಗುವುದು ಕೈಗೆ ತಿಳಿಯಬೇಕು. ಬಿಡುವಾಗ ಬಿಸಿ ಹಾಲನ್ನು ಆರಿಸುವ ಹಾಗೆ ತುಟಿ ಚೂಪು ಮಾಡಿ ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಬಿಡಬೇಕು. ಹಿಡಿದಿಟ್ಟುಕೊಳ್ಳಬಾರದು. ತೀರಾ ಕಷ್ಟವಾದರೆ ಕೈಗಳನ್ನು ತಲೆಯ ಮೇಲಕ್ಕೆತ್ತಿ ಎಳೆಯಬೇಕು, ಇಳಿಸುತ್ತ ಬಿಡಬೇಕು. ಇಷ್ಟು ಹೇಳಲು ಒಂದು ಪೋಸ್ಟ್‌ಕಾರ್ಡು ಸಾಕಿತ್ತು. ಅನಸೂಯಮ್ಮನವರು ಇಡೀ ಬೆಳಿಗ್ಗೆ ತೆಗೆದುಕೊಂಡರು.

“ಎಳೀರಿ! ಏಯ್, ಎರಡನೇ ಸಾಲು! ಹೆಗಲು ಎತ್ತಿದ್ದು ಯಾರು?”

ಹೆಗಲು ಎತ್ತಿದ್ದು ನರಸಾಪುರದ ಆದಿಲಕ್ಷ್ಮಿ. ಚೊಚ್ಚಲು, ಇನ್ನೂ ಹುಡುಗಿ. ನಗು ತಡೆಯಲಾರದೆ ಎತ್ತಿದ್ದಳು. ಅವಳು ನಕ್ಕದ್ದಕ್ಕೆ ಸಾಲೆಲ್ಲ ನಕ್ಕು, ಇದ್ದ ಉಸಿರನ್ನೂ ಕಳೆದುಕೊಂಡಿತು. ನಾನು ನಗಲಿಲ್ಲ. ಅನುವಾದದ ಕಾದಂಬರಿಗಳಲ್ಲಿ ಹೆಂಗಸರು ಪುಟಕ್ಕೊಮ್ಮೆ ನಿಟ್ಟುಸಿರು ಬಿಡುತ್ತಾರೆ. ಅದನ್ನು ಕಲಿಸಲು ಸೀಟಿ ಬೇಕಾಗುತ್ತದೆ ಎಂದು ಯಾವ ದೇಶದವರೂ ಬರೆದಿಲ್ಲ.

ಗೋಡೆಯ ಪಕ್ಕ ಅತ್ತೆಯರ ಸಾಲು ಬೇರೆ, ಎಲೆ ಅಡಿಕೆಯ ಸಮೇತ.

೨೭ ಜನವರಿ, ಭಾನುವಾರ

ಗ್ರಂಥಾಲಯದಿಂದ ತಂದ ಬಂಗಾಳಿ ಕಾದಂಬರಿಯನ್ನು ಅರ್ಧಕ್ಕೇ ಬಿಟ್ಟೆ. ಅನುವಾದ ಬಿಗಿಯಾಗಿಲ್ಲ. ಒಬ್ಬ ಹೆಂಗಸು ಬಾಗಿಲಿಗೆ ಬಂದು ನಿಲ್ಲಲು ಮೂರು ಅನಾವಶ್ಯಕ ಕ್ರಿಯಾಪದಗಳು. ಬಿಟ್ಟ ಜಾಗದಲ್ಲಿ ನಾಯಕಿಗೆ ಎಂಟನೇ ತಿಂಗಳು.

ವ್ಯಾಯಾಮ ಮಾಡಿದೆ. ಬೇರೆ ಕೆಲಸವಿರಲಿಲ್ಲ.

೩೦ ಜನವರಿ, ಬುಧವಾರ

ಇವತ್ತು ಅತ್ತೆ ಗೋಡೆ ಬಿಟ್ಟು ನನ್ನ ಪಕ್ಕದ ಚಾಪೆಗೆ ಬಂದು ಕೂತರು. ಅನಸೂಯಮ್ಮನವರು ಹುಬ್ಬೇರಿಸಿದರು.

“ಅಮ್ಮ, ಇದು ಬಸುರಿಯರಿಗೆ.”

“ಐದು ಹೆತ್ತಿದೀನಿ ಟೀಚರಮ್ಮ. ಒಂದಕ್ಕೂ ಯಾರೂ ಊಪಿರಿ ಹೇಳ್ಕೊಡ್ಲಿಲ್ಲ. ಈಗಾದ್ರೂ ಕಲೀತೀನಿ ಬಿಡಿ.”

ಕಲಿಯುವುದೆಂದರೆ ಅವರ ಲೆಕ್ಕದಲ್ಲಿ ಸದ್ದು ಮಾಡುವುದು. ಎಳೆಯುವಾಗ ಕಮ್ಮಾರನ ತಿದಿ, ಬಿಡುವಾಗ ಟೈರಿನಿಂದ ಗಾಳಿ ಹೋದಂತೆ. ಆಸ್ಪತ್ರೆಯ ಆಯಾ ಓಡಿ ಬಂದು ಯಾರಿಗೇನಾಯಿತು ಎಂದು ಕೇಳಿದಳು. ನಾನು ನೆಲ ನೋಡುತ್ತ ಕೂತೆ. ಅನಸೂಯಮ್ಮನವರು ಮಾತ್ರ, “ನೋಡಿ, ಅಜ್ಜಿ ಹೆಂಗೆ ಉದ್ದಕ್ಕೆ ಬಿಡ್ತಾರೆ! ಹಂಗೆ!” ಎಂದು ಹೊಗಳಿದರು. ಹೊಗಳಬಾರದಿತ್ತು. ಮನೆಯಲ್ಲಿ ಈಗ ಬೆಳಿಗ್ಗೆ ಸಂಜೆ ಎರಡು ಚಾಪೆ ಬೀಳುತ್ತವೆ. ಶಾಮಲಮ್ಮ ಕಿಟಕಿಯಿಂದ, “ಏನ್ರೀ ಬೈರಮ್ಮ, ಕುಲುಮೆ ಇಟ್ರಾ?” ಎಂದು ಕೂಗಿ ಕೇಳಿದರು. ಅತ್ತೆಗೆ ಹೆಮ್ಮೆ.

೫ ಫೆಬ್ರವರಿ, ಮಂಗಳವಾರ

ಮಾತಿನ ನಡುವೆ ನಿಲ್ಲಿಸಬೇಕಾಗುತ್ತಿದೆ. ನಾನು ಉದ್ದ ವಾಕ್ಯದವಳು. ಈಗ ಎಲ್ಲಿ ಪೂರ್ಣವಿರಾಮ ಹಾಕಬೇಕೆಂಬುದನ್ನು ಒಳಗಿರುವುದು ತೀರ್ಮಾನಿಸುತ್ತದೆ.

ಇವರು, ನಮ್ಮ ಯಜಮಾನರು, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಒಂಬತ್ತನೇ ತರಗತಿಯ ಪುಸ್ತಕ ತೆಗೆದು ಶ್ವಾಸಕೋಶದ ಪಾಠ ಓದಿ ಹೇಳಿದರು. ಎದೆ ಹೊಟ್ಟೆಗಳ ನಡುವಿನ ವಪೆ ಮೇಲೆ ಕೆಳಗೆ ಹೋಗುತ್ತದೆ ಎಂದು ಕೈಯಿಂದ ತೋರಿಸಿದರು. ಉಪಕಾರ. ನನ್ನದು ಎಲ್ಲಿಯೂ ಹೋಗುತ್ತಿಲ್ಲ ಎಂದು ಹೇಳಲು ನನಗೆ ಉಸಿರಿರಲಿಲ್ಲ.

ಎಡಮಗ್ಗುಲಿಗೆ, ಬೆನ್ನಿಗೆ ದಿಂಬು ಕೊಟ್ಟು ಮಲಗಿದರೆ ತಡೆದುಕೊಳ್ಳಬಹುದು. ಅಂಗಾತ ಮಲಗಿದರೆ ಎದೆಯ ಮೇಲೆ ರಾಗಿ ಮೂಟೆ ಇಟ್ಟಂತೆ. ತುಟಿ ಚೂಪು ಮಾಡಿ ಬಿಡುವುದರಿಂದ ಸ್ವಲ್ಪ ಉಪಯೋಗವಿದೆ. ಇದನ್ನು ಅನಸೂಯಮ್ಮನವರಿಗೆ ಹೇಳುವ ಉದ್ದೇಶವಿಲ್ಲ.

೧೦ ಫೆಬ್ರವರಿ, ಭಾನುವಾರ

ಮುಂದಿನ ಶನಿವಾರ ಸೂರ್ಯಗ್ರಹಣ. ಪತ್ರಿಕೆಯವರು, ರೇಡಿಯೋದವರು, ಪಂಚಾಂಗದವರು, ಮೂವರೂ ಒಂದೇ ಸಲ ಒಪ್ಪಿರುವುದು ನನ್ನ ನೆನಪಿನಲ್ಲಿ ಇದೇ ಮೊದಲು. ಯಾರೂ ಹೊರಗೆ ಬರಬೇಡಿ.

ಅತ್ತೆ ನಿಯಮ ಹೇಳಿದರು. ಬಸುರಿ ಕತ್ತರಿಸಬಾರದು, ಹೊಲಿಯಬಾರದು, ಕೆರೆದುಕೊಳ್ಳಬಾರದು. ಬಹಳ ಮುಖ್ಯವಾಗಿ, ಮಡಚಬಾರದು. ಬಟ್ಟೆ, ಹಾಳೆ, ಕೈ, ಕಾಲು, ಏನನ್ನೂ. ಅವಳು ಯಾವುದನ್ನು ಮಡಚಿದರೆ ಕೂಸಿನ ಅದೇ ಅಂಗ ಮಡಚಿಕೊಂಡು ಹುಟ್ಟುತ್ತದೆ. ಹಿಡಿಯುವಾಗಿನಿಂದ ಬಿಡುವವರೆಗೆ ಕತ್ತಲ ಕೋಣೆಯಲ್ಲಿ ನೆಟ್ಟಗೆ ಅಂಗಾತ ಮಲಗಬೇಕು. ಅವರ ಹಳ್ಳಿಯಲ್ಲಿ ಗಂಗುಲಪ್ಪ ಎಂಬವನಿದ್ದಾನಂತೆ, ತಾಯಿ ಗ್ರಹಣದಲ್ಲಿ ಮಂಡಿ ಮಡಚಿ ಕೂತದ್ದಕ್ಕೆ ಅವನ ಕಾಲು ನೀಡಲು ಬರುವುದಿಲ್ಲವಂತೆ.

“ಅವನಿಗೆ ಜ್ವರ ಬಂದು ಕಾಲು ಹೋಗಿರಬಹುದು” ಎಂದೆ.

“ಜ್ವರ ಯಾಕೆ ಬಂತು?”

ಇವರ ಕಡೆ ನೋಡಿದೆ. ಇವರು ಗಾಜಿನ ಚೂರಿಗೆ ಬುಡ್ಡಿ ದೀಪದ ಮಸಿ ಹಿಡಿಯುತ್ತಿದ್ದರು, ಶನಿವಾರ ಸೂರ್ಯನನ್ನು ನೋಡಲು. ತಲೆ ಎತ್ತದೆ, “ಅಮ್ಮನ ಸಮಾಧಾನಕ್ಕೆ ಒಂದು ಮಧ್ಯಾಹ್ನ ಮಲಗಿದ್ರೆ ಏನು ಹೋಗುತ್ತೆ?” ಅಂದರು. ಇವರಿಗೆ ಸೂರ್ಯನಲ್ಲಿ ವಿಜ್ಞಾನ, ಹೆಂಡತಿಯಲ್ಲಿ ಪದ್ಧತಿ.

೧೩ ಫೆಬ್ರವರಿ, ಬುಧವಾರ

ತರಗತಿಯಲ್ಲಿ ಉಸಿರಾಟ ಬಿಟ್ಟು ಗ್ರಹಣದ್ದೇ ಮಾತು. ನಾನು ನೇರವಾಗಿ ಕೇಳಿದೆ: “ನಮ್ಮಂಥವರು ಅಷ್ಟು ಹೊತ್ತು ಅಂಗಾತ ಮಲಗಬಹುದಾ?”

ಅನಸೂಯಮ್ಮನವರು ಸೀಟಿಯನ್ನು ಕೈಯಲ್ಲಿ ತಿರುಗಿಸಿದರು. ಅಂಗಾತ ಮಲಗಬೇಡಿ ಎಂದು ಮೂರು ವಾರದಿಂದ ಕೂಗುತ್ತಿದ್ದವರು ಅತ್ತೆಯರ ಸಾಲನ್ನು ಒಮ್ಮೆ ನೋಡಿ, “ನಾನೇನೂ ಹೇಳಲ್ಲಮ್ಮ. ಅವರವರ ಮನೆ ಪದ್ಧತಿ” ಅಂದರು. ಎಲ್ಲರ ಎದುರು ಇಷ್ಟು ಚಿಕ್ಕದಾದ ಹೆಂಗಸನ್ನು ನಾನು ನೋಡಿರಲಿಲ್ಲ. ಡಾಕ್ಟರು ರಜೆಯಲ್ಲಿದ್ದಾರೆ, ಸೋಮವಾರ ಬರುತ್ತಾರೆ.

ಆದಿಲಕ್ಷ್ಮಿಯ ಅತ್ತೆ, “ಓದಿದೋರಿಗೆ ಎಲ್ಲಾ ಅನುಮಾನ” ಎಂದು ಗೋಡೆಗೆ ಹೇಳಿದಳು.

೧೫ ಫೆಬ್ರವರಿ, ಶುಕ್ರವಾರ

ಒಳಕೋಣೆಯ ಕಿಟಕಿಗೆ ಕಂಬಳಿ ಹೊಡೆದಾಯಿತು. ಅದರ ಮೇಲೆ ಗೋಣಿಚೀಲ. ಸಂದಿಗಳಿಗೆ ಹಳೆ ಬಟ್ಟೆ ತುರುಕಿದವರು ವಿಜ್ಞಾನದ ಮೇಷ್ಟ್ರು.

ನಾನು ಒಪ್ಪಿದ್ದೇನೆ. ನಂಬಿಕೆಯಿಂದಲ್ಲ. ಜಗಳವಾಡಲು ಉಸಿರು ಬೇಕು, ನನ್ನಲ್ಲಿ ಅದಿಲ್ಲ. ಇದೊಂದೇ ಕಾರಣ.

೧೬ ಫೆಬ್ರವರಿ, ಶನಿವಾರ, ಸಂಜೆ

ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ.

ಬೇಗ ಊಟ ಮಾಡಿಸಿದರು. ನೀರಿನ ಪಾತ್ರೆಗೆ, ಉಪ್ಪಿನಕಾಯಿಗೆ, ನನ್ನ ಚಾಪೆಗೆ ದರ್ಭೆ ಹಾಕಿದರು. ಬೀದಿಯಲ್ಲಿ ಜಟಕಾ ಇಲ್ಲ, ಬಸ್ಸಿನ ಸದ್ದಿಲ್ಲ, ನಾಯಿ ಕೂಡ ಇಲ್ಲ. ಇವರು ಮಸಿ ಗಾಜು ಹಿಡಿದು ಮಹಡಿಗೆ ಹೋದರು. ಅತ್ತೆ ನನ್ನೊಂದಿಗೆ ಒಳಗೆ ಬಂದು ಬಾಗಿಲು ಹಾಕಿಕೊಂಡರು. ದಿಂಬು ಕೇಳಿದೆ. ಕೊರಳು ಮಡಚಿದಂತಾಗುತ್ತದೆ, ಬೇಡ ಎಂದರು. ನೆಟ್ಟಗೆ ಮಲಗಿದೆ.

ಮೊದಲು ಕಷ್ಟವಾಗಲಿಲ್ಲ. ಕತ್ತಲಲ್ಲಿ ಅತ್ತೆ ದೇವರ ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದರು, ತೆಲುಗಿನ ದೇವರು, ಕನ್ನಡದ ದೇವರು ಎಂದು ಭೇದ ಮಾಡದೆ. ಇವರು ಮಹಡಿಯಿಂದ ಇಳಿದು ಬಾಗಿಲ ಹೊರಗೆ ನಿಂತು, “ಹಿಡೀತು! ಕಾಲು ಭಾಗ ಆಯ್ತು!” ಎಂದು ವರದಿ ಕೊಟ್ಟರು. ಮತ್ತೆ ಹತ್ತಿದ ಸದ್ದು. ಮತ್ತೆ ಇಳಿದು, “ಅರ್ಧ!” ಮೆಟ್ಟಿಲು ಹತ್ತಿ ಇಳಿಯುವ ಉಸಿರು ಇರುವವರನ್ನು ಕಂಡು ಹೊಟ್ಟೆ ಉರಿಯಿತು.

ಆಮೇಲೆ ಶುರುವಾಯಿತು. ಕಣ್ಣು ಕತ್ತಲಿಟ್ಟಿತು ಎಂದು ಬರೆಯಲಾರೆ, ಕೋಣೆಯೇ ಕತ್ತಲು. ಕಿವಿ ಗುಂಯ್ ಎಂದಿತು. ತುಟಿಗೆ ಜೋಮು ಹಿಡಿಯಿತು. ಬೆನ್ನಿಗೆ ತಣ್ಣನೆ ಬೆವರು. ಉಸಿರು ಗಂಟಲಿನವರೆಗೆ ಬಂದು ಅಲ್ಲಿಂದ ಕೆಳಗಿಳಿಯುತ್ತಿರಲಿಲ್ಲ. ಪಕ್ಕೆಯ ಮೇಲೆ ಕೈ ಇಟ್ಟುಕೊಳ್ಳೋಣವೆಂದರೆ ಮೊಣಕೈ ಮಡಚಬೇಕು. ಮಡಚಲಿಲ್ಲ. ಅತ್ತೆಗೆ ಕತ್ತಲಲ್ಲಿ ಕಾಣುತ್ತಲೂ ಇರಲಿಲ್ಲ.

ಬೆಳಗಿನಿಂದ ಒದೆಯುತ್ತಿದ್ದ ಮಗು ಒದೆಯುತ್ತಿಲ್ಲ ಎಂಬುದು ಆಗ ಗಮನಕ್ಕೆ ಬಂತು.

“ಅತ್ತೆ, ಆಗ್ತಿಲ್ಲ.”

“ಇನ್ನೊಂಚೂರು ಕಣಮ್ಮ. ಬಿಡ್ತಾ ಬಂತು.”

“ಮಗು ಆಡ್ತಿಲ್ಲ. ಏಳ್ತೀನಿ.”

“ಏಳಬೇಡ! ಮಡಚಬೇಡ್ವೇ, ನಿನ್ನ ಕಾಲಿಗೆ ಬೀಳ್ತೀನಿ!”

ನನಗೂ ಏಳಲಾಗಲಿಲ್ಲ. ಮೈ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಅತ್ತೆಯ ದೇವರ ಹೆಸರುಗಳು ನಿಂತವು. ಅವರ ಕೈ ನನ್ನ ಮುಖ ತಡವಿ, ಮೂಗಿನ ಕೆಳಗೆ ಬಂದು ನಿಂತಿತು. ಆಮೇಲೆ ಹೊಟ್ಟೆಯ ಮೇಲೆ. ಅಲ್ಲಿ ಬಹಳ ಹೊತ್ತು ಇತ್ತು ಎಂದು ನನಗನ್ನಿಸಿತು. ಬಹಳ ಹೊತ್ತು ಆಗಿರಲಿಕ್ಕಿಲ್ಲ.

ಚಾಪೆ ಸರಿದ ಸದ್ದು. ಅವರು ನನ್ನ ತಲೆಯ ಹಿಂದೆ ಹೋಗಿ ಗೋಡೆಗೆ ಒರಗಿ ಕೂತು, ಕಾಲು ಚಾಚಿ, ನನ್ನ ಎರಡೂ ಕಂಕುಳಿಗೆ ಕೈ ಹಾಕಿ ಎಳೆದರು. ಆ ವಯಸ್ಸಿನಲ್ಲಿ ಅಷ್ಟು ಬಲ ಎಲ್ಲಿತ್ತೋ. ನಾನು ಅವರ ಎದೆಗೆ ಬೆನ್ನು ಕೊಟ್ಟು ಕೂತಿದ್ದೆ.

“ನೀನೇನೂ ಮಾಡ್ಬೇಡ. ನೀನು ಮಡಚಿಲ್ಲ. ಮಡಚಿದ್ದು ನಾನು. ಮೇಲಿರೋನು ಸರಿಯಾಗಿ ನೋಡ್ಕೊಳ್ಳಿ, ನಾನು.”

“ಏನಾದ್ರೂ ಬಂದ್ರೆ?” ಎಂದೆ. ಕೇಳಿದ್ದು ನಾನೇ.

“ನನಗೆ ಬರ್ಲಿ. ನನ್ನ ಮಂಡಿ ಹೆಂಗೂ ಕೆಟ್ಟಿದೆ.”

ಆಮೇಲೆ ಉಸಿರು ಎಳೆಯತೊಡಗಿದರು. ಅದೇ ತಿದಿ, ಅದೇ ಟೈರು. ನನ್ನ ಬೆನ್ನ ಹಿಂದೆ ಅವರ ಎದೆ ಏರಿತು, ಇಳಿಯಿತು. ಕಿವಿಯ ಪಕ್ಕದಲ್ಲಿಯೇ ಆ ಸದ್ದು. ಬೇಡವೆಂದರೂ ಮೈ ಅದರ ಜೊತೆ ಹೋಗುತ್ತಿತ್ತು. ಎಳೆದದ್ದಕ್ಕಿಂತ ಉದ್ದಕ್ಕೆ ಬಿಟ್ಟೆ. ಮತ್ತೆ ಎಳೆದೆ. ಬಿಟ್ಟೆ. ಜೋಮು ತುಟಿಯಿಂದ ಇಳಿಯಿತು.

“ಆ ಸಲ ನಾನು ಇರ್ಲಿಲ್ಲ ಮಾಲೂರಲ್ಲಿ” ಎಂದರು ಅತ್ತೆ. “ಹೊಲದ ಕೆಲ್ಸ ಅಂತ ಬರ್ಲಿಲ್ಲ.”

ನಾನು ಉಸಿರು ಬಿಡುತ್ತಿದ್ದೆ.

ಬಾಗಿಲ ಹೊರಗೆ ಇವರು, “ಮುಕ್ಕಾಲು ಮೇಲಾಯ್ತು! ಹಕ್ಕಿ ಎಲ್ಲಾ ಗೂಡಿಗೆ ಹೋಗ್ತಿವೆ!” ಎಂದರು.

“ಲೇ, ಬಾಗಿಲು ತಳ್ಳೋ” ಎಂದರು ಅತ್ತೆ. “ಕಿಟಕಿ ಗೋಣಿ ಕಿತ್ತಾಕು. ಒಳಗೆ ಗಾಳಿ ಇಲ್ಲ.”

“ಇನ್ನೂ ಬಿಟ್ಟಿಲ್ಲಮ್ಮ! ಇದೇ ಜೋರಾಗಿರೋ ಹೊತ್ತು. ಈಗ ತೆಗೆದ್ರೆ ಹೆಂಗೆ?”

“ನಿನ್ನ ಗ್ರಹಣ ನೀನಿಟ್ಕೋ. ತೆಗೀತೀಯಾ, ನಾನು ಎದ್ದು ಬರ್ಲಾ?”

ಬಿ.ಎಸ್ಸಿ., ಬಿ.ಎಡ್. ಹೊರಗೆ ನಿಂತು ಯೋಚಿಸಿತು. ಆಮೇಲೆ ಬಾಗಿಲು ತೆರೆಯಿತು. ಇವರು ಮುಖ ತಿರುಗಿಸಿಕೊಂಡೇ ಬಂದು ಗೋಣಿ, ಕಂಬಳಿ ಎರಡನ್ನೂ ಕಿತ್ತರು. ಗಾಳಿ ಬಂತು. ಬೆಳಕು ಮುಸ್ಸಂಜೆಗಿಂತ ಸ್ವಲ್ಪ ಹೆಚ್ಚು, ಹಗಲಿಗಿಂತ ಬಹಳ ಕಡಿಮೆ. ನಾನು ಕಣ್ಣು ಮುಚ್ಚಿಕೊಂಡು, ಎರಡು ಕೈಯನ್ನೂ ಹೊಟ್ಟೆಯ ಮೇಲೆ ಅಡ್ಡ ಇಟ್ಟೆ. ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು.

ಅದು ಹೊಟ್ಟೆಗೆ ಚುಚ್ಚುವುದಿಲ್ಲ. ಗೊತ್ತಿದೆ.

ಕೈಯ ಕೆಳಗೆ ಮಗು ಒದೆಯಿತು. ಅತ್ತೆಯ ಕೈಯೂ ಅಲ್ಲಿಯೇ ಇತ್ತು.

“ಇದೆ” ಎಂದರು.

೧೮ ಫೆಬ್ರವರಿ, ಸೋಮವಾರ

ಡಾಕ್ಟರು ಬಂದರು. ಮಗುವಿನ ಎದೆಬಡಿತ ಚೆನ್ನಾಗಿದೆ. ಅಂಗಾತ ಮಲಗಿದ್ದು ಯಾರ ಬುದ್ಧಿ ಎಂದು ಕೇಳಿದರು. ನನ್ನದು ಎಂದೆ. ಹಾಗೆ ಹೇಳಿದ್ದು ಮಾತು ಬೇಗ ಮುಗಿಯಲಿ ಎಂದು. ಅತ್ತೆ ಸೀರೆಯ ಸೆರಗನ್ನು ನೋಡುತ್ತ ನಿಂತಿದ್ದರು.

೨೦ ಫೆಬ್ರವರಿ, ಬುಧವಾರ

ತರಗತಿಯಲ್ಲಿ ಎಲ್ಲರೂ ತಮ್ಮ ತಮ್ಮ ಗ್ರಹಣವನ್ನು ವರ್ಣಿಸಿದರು. ಆದಿಲಕ್ಷ್ಮಿ ಶುರುವಿನಿಂದ ಕೊನೆಯವರೆಗೆ ಗೊರಕೆ ಹೊಡೆದಳಂತೆ. ಅವಳ ಅತ್ತೆ ನನ್ನ ಅತ್ತೆಯ ಕಡೆ ತಿರುಗಿ, “ನಿಮ್ಮ ಓದಿದ ಸೊಸೆ ನೆಟ್ಟಗೆ ಮಲಗಿದ್ಲಾ?” ಎಂದಳು.

“ಒನಕೆ ಇದ್ದಂಗೆ ಮಲಗಿದ್ಲು” ಎಂದರು ಅತ್ತೆ. “ಕಿರುಬೆರಳು ಅಲ್ಲಾಡಿಸಿಲ್ಲ. ನಿಮ್ಮೋಳು ಗೊರಕೆ ಹೊಡೆಯುವಾಗ ಬಾಯಿ ಮಡಚಿದ್ಲೋ ಏನೋ, ನೋಡ್ಕೊಳ್ರಮ್ಮ.”

ಇಷ್ಟು ಸಲೀಸಾಗಿ ಸುಳ್ಳು ಹೇಳುವವರೆಂದು ತಿಳಿದಿರಲಿಲ್ಲ. ನಾನು ತಿದ್ದಲಿಲ್ಲ.

ಅನಸೂಯಮ್ಮನವರು ನನ್ನ ಹತ್ತಿರ ಬಂದು ಹೆಗಲು ಸರಿಪಡಿಸುವ ನೆಪದಲ್ಲಿ, “ಸುಧಾರಿಸ್ಕೊಂಡೆಯೇನಮ್ಮ?” ಎಂದು ಮೆಲ್ಲಗೆ ಕೇಳಿದರು. ನನ್ನ ಹೆಗಲು ಸರಿಯಾಗಿಯೇ ಇತ್ತು. “ಹೂಂ” ಎಂದೆ. ಅದಕ್ಕಿಂತ ಹೆಚ್ಚು ಅವರಿಗೆ ಸಲ್ಲುವುದಿಲ್ಲ.

೨ ಮಾರ್ಚ್, ಭಾನುವಾರ

ಎರಡು ದಿನದಿಂದ ಉಸಿರು ಹಗುರ. ಮಗು ಕೆಳಗಿಳಿದಿದೆ ಎಂದು ಡಾಕ್ಟರು ಹೇಳಿದರು. ಇನ್ನು ವ್ಯಾಯಾಮದ ಅಗತ್ಯ ಅಷ್ಟಿಲ್ಲ. ಆದರೂ ಎರಡು ಚಾಪೆ ಹಾಸಿದೆ. ಒಂದೇ ಹಾಸಿದರೆ ಅತ್ತೆ ಕಾರಣ ಕೇಳುತ್ತಾರೆ, ಉತ್ತರ ಹೇಳುತ್ತ ಕೂರಬೇಕು.

೧೧ ಮಾರ್ಚ್, ಮಂಗಳವಾರ, ಆಸ್ಪತ್ರೆ

ಬೆಳಿಗ್ಗೆ ಹೆರಿಗೆ ಆಯಿತು. ಹೆಣ್ಣು. ಹೇಳಿದ ಕಡೆ ಕೂರುವ ಲಕ್ಷಣ ಒಂದೂ ಇಲ್ಲ.

ನೋವಿನ ಹೊತ್ತಿನಲ್ಲಿ ಅತ್ತೆಯನ್ನು ಒಳಗೆ ಬಿಡಲಿಲ್ಲ. ಬಾಗಿಲ ಹೊರಗೆ ನಿಂತು ಅವರು ಉಸಿರು ಬಿಡುತ್ತಿದ್ದದ್ದು ಒಳಗೆ ಕೇಳುತ್ತಿತ್ತು. ನರ್ಸು, “ಆ ಅಜ್ಜಿಯನ್ನ ಯಾರಾದ್ರೂ ಸುಮ್ಮನಿರಿಸ್ರೀ” ಎಂದಳು. “ಇರಲಿ ಬಿಡಿ” ಎಂದದ್ದು ನಾನೇ ಇರಬೇಕು. ಆ ಸ್ಥಿತಿಯಲ್ಲಿ ಆಡಿದ ಮಾತುಗಳಿಗೆ ನಾನು ಜವಾಬ್ದಾರಳಲ್ಲ.

ಇವರು ಬಂದು ತೂಕ ಕೇಳಿ ಗುರುತು ಹಾಕಿಕೊಂಡರು. ತಮ್ಮ ಮೂಗು ಎಂದರು. ಮೂಗಿನಂಥದ್ದು ಇನ್ನೂ ಏನೂ ಆಗಿಲ್ಲ.

ಮಧ್ಯಾಹ್ನ ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಸುತ್ತಿದ ಬಟ್ಟೆ ಬಿಚ್ಚಿ, ಒಂದೊಂದೇ ಬೆರಳು ಬಿಡಿಸಿ ನೋಡಿದರು. ಮೊಣಕೈ ನೀಡಿಸಿದರು. ಎಡ ಮಂಡಿ ನೀಡಿಸಿದರು, ಬಲ ಮಂಡಿ ನೀಡಿಸಿದರು. ಕೈ ಬಿಟ್ಟಾಗ ಎರಡೂ ಮತ್ತೆ ಮಡಚಿಕೊಂಡವು. ಅವರ ಮುಖ ಬಿಳಿಚಿಕೊಂಡಿತು. ಎಲ್ಲ ಕೂಸುಗಳೂ ಹಾಗೆಯೇ ಇರುತ್ತವೆ, ಐದು ಹೆತ್ತವರಿಗೆ ಇಷ್ಟು ಗೊತ್ತಿಲ್ಲವೇ ಎಂದೆ. “ಗೊತ್ತು ಕಣಮ್ಮ, ಗೊತ್ತು” ಎನ್ನುತ್ತ ಮತ್ತೊಮ್ಮೆ ನೀಡಿಸಿ ನೋಡಿದರು. ಅಜ್ಞಾನಕ್ಕೆ ಯಾವ ಡಾಕ್ಟರೂ ಮದ್ದು ಕೊಡಲಾರರು.

ಈಗ ಅವರು ಬಿಸಿನೀರು ತರಲು ಹೋಗಿದ್ದಾರೆ.

ಸುತ್ತಿದ್ದು ಸಡಿಲವಾದಂತೆ ಕಂಡದ್ದರಿಂದ ನಾನೇ ಬಟ್ಟೆ ಬಿಚ್ಚಿದೆ. ಬಿಚ್ಚಿದ ಮೇಲೆ ಹೇಗೂ ಕಾಲುಗಳು ಎದುರಿಗಿದ್ದವು. ಎಡಗಾಲು ಹಿಡಿದು ಮೆಲ್ಲಗೆ ಎಳೆದೆ. ಪೂರ್ತಿ ಬಂತು. ಬಲಗಾಲು ಎಳೆದೆ. ಬಂತು, ಆದರೆ ಅದೇ ಕಾಲಿನಿಂದ ನನ್ನ ಕೈಯನ್ನು ಒದ್ದು, ಬಾಯಿ ತೆರೆದು, ಇಡೀ ವಾರ್ಡಿಗೆ ಕೇಳುವಂತೆ ಅಳತೊಡಗಿತು. ಪಕ್ಕದ ಮಂಚದವಳು ಗಾಬರಿಯಿಂದ ಎದ್ದು ಕೂತು, “ಏನಾಯ್ತಕ್ಕ ಮಗೂಗೆ?” ಎಂದಳು.

“ಏನೂ ಇಲ್ಲ” ಎಂದೆ. “ಅಳ್ತಿದೆ.”

ಉಸಿರನ್ನು ಎಳೆದದ್ದಕ್ಕಿಂತ ಉದ್ದಕ್ಕೆ ಬಿಡುತ್ತಿತ್ತು. ಬೇಗ ಸಮಾಧಾನ ಮಾಡಬಹುದಿತ್ತು. ಸ್ವಲ್ಪ ಹೊತ್ತು ಮಾಡಲಿಲ್ಲ.